ಐದೇ ಮಾತಿನ ರೋಗಿ

ಸಾಯುವುದು ಅಂಥಾ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ದಿನದಿಂದ ನಂಬಿದ್ದೆ. ನಮ್ಮ ಸೇಡಂ ತಾಲೂಕಿನಲ್ಲೇ ಎಷ್ಟೋ ಮಂದಿ ಯಾವ ತರಬೇತಿಯೂ ಇಲ್ಲದೆ, ಮೊದಲನೇ ಸಲಕ್ಕೇ, ಒಂದೂ ತಪ್ಪಿಲ್ಲದಂತೆ ಸತ್ತಿದ್ದರು. ಅಂದಮೇಲೆ ನನ್ನಂಥ ಕಲಾವಿದನಿಗೆ ಅದೆಷ್ಟರ ಮಾತು!

ಕಲಾವಿದ ಎಂದು ನನ್ನನ್ನು ನಾನೇ ಕರೆದುಕೊಳ್ಳಬೇಕಾಗಿದೆ. ಊರಿನವರು ಬೇರೆ ಹೆಸರುಗಳಿಂದ ಕರೆಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು, ನನಗೆ ಇಪ್ಪತ್ಮೂರು. ಬಿ.ಎ. ಮುಗಿಸಿ ನೌಕರಿಗೆ ಕಾಯುತ್ತಿದ್ದೆ. ಕಾಯುವ ಹೊತ್ತಿನಲ್ಲಿ ಮಂದಿಯ ದನಿ ತೆಗೆಯುತ್ತಿದ್ದೆ. ವಾಡಿ ಜಂಕ್ಷನ್ನಿನ ಅನೌನ್ಸ್‌ಮೆಂಟು, ನಡುವೆ ಅದು ಗರಗರ ಎನ್ನುವುದೂ ಸೇರಿ. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಮಷೀನು. ಚಿಂಚೋಳಿ ಬಸ್ಸಿನ ಕಂಡಕ್ಟರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬೈಯುವುದು. ಮಾಸ್ತರನಾದ ನಮ್ಮಣ್ಣ ಹಾಜರಿ ಕರೆಯುವುದು. ಒಮ್ಮೆ ಅವ್ವನ ದನಿಯಲ್ಲಿ ಒಳಗಿನಿಂದಲೇ ಹಾಲಿನವನಿಗೆ, "ನಾಳಿಂದ ಹಾಲು ಬ್ಯಾಡಪಾ" ಎಂದು ಹೇಳಿ ಮೂರು ದಿನ ಮನೆಮಂದಿಗೆಲ್ಲ ಕರಿ ಚಹಾ ಕುಡಿಸಿದ್ದೆ.

ಅಣ್ಣನ ಹೆಂಡತಿ, ನಮ್ಮ ವೈನಿ, ಊರಿನ ಒಂದು ನರ್ಸಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಒಂದು ದಿನ ಚಹಾದ ಕಪ್ಪನ್ನು ತಾವೇ ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು ಕೇಳಿದರು.

"ನರಹರಿ, ನೀ ಒಂದಿನ ಸಾಯಬೇಕಲ್ಲೋ."

ವೈನಿ ಈ ಮಾತು ಹೇಳಿದ್ದು ಅದೇ ಮೊದಲಲ್ಲ. ಇಷ್ಟು ಮೆತ್ತಗೆ ಹೇಳಿದ್ದು ಮಾತ್ರ ಮೊದಲು.

"ಯಾಕ್ರಿ ವೈನಿ, ಏನ್ ತಪ್ಪು ಮಾಡೀನಿ?"

"ತಪ್ಪಿನ ಲೆಕ್ಕ ಆಮ್ಯಾಲ ಮಾಡೂಣು. ಇದು ಪರೀಕ್ಷಾಕ್ಕ. ವಾಸಿ ಆಗಲಾರದ ರೋಗದವರು ಇರ್ತಾರಲ್ಲ, ಅವರ ನೋವು ಕಡಿಮಿ ಮಾಡೋದು, ಕಡೀತನಕ ಅವರ ಜೋಡಿ ಇರೋದು, ಇದನ್ನ ಹುಡುಗ್ಯಾರಿಗೆ ಕಲಸ್ಲಿಕತ್ತೀವಿ. ಪುಸ್ತಕ ಓದಿದ್ರ ಬರೂ ವಿದ್ಯಾ ಅಲ್ಲ ಅದು. ಖರೇ ಪೇಷಂಟ್ ಮ್ಯಾಲ ಕಲಸಲಿಕ್ಕೆ ಮನಸ್ಸ ಬರಂಗಿಲ್ಲ. ಅದಕ್ಕ ಯಾರರೆ ಪೇಷಂಟ್ ಹಂಗ ಮಕ್ಕೋಬೇಕು, ಇವರು ಅವರ ಜೋಡಿ ಮಾತಾಡಿ ಕಲೀಬೇಕು."

"ನಿಮ್ಮ ಸ್ಕೂಲ್ನಾಗ ರಬ್ಬರ್ ಗೊಂಬಿ ಅದ ಅಲ್ರಿ?"

"ಗೊಂಬಿಗೆ ಮಾತು ಬರಂಗಿಲ್ಲ."

"ನನಗ ಬರ್ತದಲ್ಲ!"

"ಅದೇ ಅಂಜಿಕಿ," ಎಂದರು ವೈನಿ.

ಮರುದಿನ ನನ್ನ ಕೈಗೆ ಒಂದು ಚೀಟಿ ಬಂತು. ನನ್ನ ಹೆಸರು ಬಸವಂತಪ್ಪ. ವಯಸ್ಸು ಅರವತ್ತೆಂಟು. ಊರು ಗುಂಡಗುರ್ತಿ. ಹೊಟ್ಟೆಯಲ್ಲಿ ಕ್ಯಾನ್ಸರ್, ಔಷಧೋಪಚಾರ ಎಲ್ಲಾ ಮುಗಿದಿದೆ, ಶಕ್ತಿ ಇಲ್ಲ, ಮಾತು ಕಷ್ಟ. ಅದಕ್ಕೇ ಐದೇ ಮಾತು: 'ನೋವ್ ಆಗ್ತದ.' 'ನೀರು.' 'ಮಗ ಬಂದನೇನು?' 'ಅಂಜಿಕಿ ಬರ್ತದ.' 'ಮನಿಗೆ ಹೋಗ್ತೀನಿ.' ಕೆಳಗೆ ಗೆರೆ ಎಳೆದು ಬರೆದಿತ್ತು: 'ಉಸಿರು ನಿಂತರೆ ಎಬ್ಬಿಸುವ ಪ್ರಯತ್ನ ಬೇಡ. ರೋಗಿಯ ಒಪ್ಪಿಗೆ ಇದೆ. ಕೈ ಹಿಡಿದು ಸಮಾಧಾನದಿಂದ ಜೊತೆಗಿರಬೇಕು.'

ಐದೇ ಮಾತು! ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇದಕ್ಕಿಂತ ಹೆಚ್ಚು ಮಾತಾಡುತ್ತಿದ್ದೆ.

"ಐದನ್ನ ಐವತ್ತು ಮಾಡಬ್ಯಾಡ ಮತ್ತ," ಎಂದರು ವೈನಿ. "ಮಹಾದೇವಿಗೆ ಇದು ಕಡೀ ಅವಕಾಶ."

ಮಹಾದೇವಿ ಗುಂಡಗುರ್ತಿಯ ಹುಡುಗಿ. ಪಟ್ಟಿ ಕಟ್ಟುವುದು, ಇಂಜೆಕ್ಷನ್ ಚುಚ್ಚುವುದು, ಹಾಸಿಗೆ ಬಿಟ್ಟು ಏಳಲಾಗದವರ ಮೈ ಒರೆಸುವುದು, ಇದರಲ್ಲೆಲ್ಲ ಅವಳ ಕೈಗೆ ಸಾಟಿ ಇರಲಿಲ್ಲವಂತೆ. ಆದರೆ ಪರೀಕ್ಷಕರ ಮುಂದೆ ನಾಲಗೆ ಏಳುತ್ತಿರಲಿಲ್ಲ. ಹಿಂದಿನ ವರ್ಷ ರೋಗಿಯ ಮುಂದೆ ಹತ್ತು ನಿಮಿಷ ಒಂದೂ ಮಾತಿಲ್ಲದೆ ನಿಂತು ಫೇಲಾಗಿದ್ದಳು. ಅವಳಣ್ಣ ಆಗಲೇ ಟ್ರಂಕನ್ನು ಬಸ್ಸಿನ ಟಾಪಿಗೆ ಏರಿಸಿಬಿಟ್ಟಿದ್ದನಂತೆ. ವೈನಿ ಹೋಗಿ, ಕಂಡಕ್ಟರನ ಜೋಡಿ ಜಗಳಾಡಿ, ಇಳಿಸಿಕೊಂಡು ಬಂದಿದ್ದರು. 'ಇನ್ನೊಂದ್ಸಲ ಫೇಲಾದ್ರ ಇಳಸಲಿಕ್ಕೆ ಬರಬ್ಯಾಡ್ರಿ ಸಿಸ್ಟರ್' ಎಂದು ಅಣ್ಣ ಹೇಳಿ ಹೋಗಿದ್ದ.

"ಏನೂ ಕಾಳಜಿ ಮಾಡಬ್ಯಾಡ್ರಿ ವೈನಿ," ಎಂದೆ ನಾನು. "ಆಕೀನ್ನ ಪಾಸ್ ಮಾಡ್ಸೋ ಜವಾಬ್ದಾರಿ ನಂದು."

ವೈನಿಯ ಮುಖದ ಮೇಲೆ ಆಗ ಮೂಡಿದ್ದು ಕೃತಜ್ಞತೆ ಎಂದೇ ನಾನು ತಿಳಿದೆ.

ತಯಾರಿ ಶುರುವಾಯಿತು. ಸಾಯುವವರನ್ನು ಹತ್ತಿರದಿಂದ ನಾನು ನೋಡಿದ್ದು ಒಬ್ಬರನ್ನೇ, ನಮ್ಮ ಅಜ್ಜನನ್ನು. ಆದ್ದರಿಂದ ಅಜ್ಜನನ್ನೇ ಗುರುವಾಗಿ ಸ್ವೀಕರಿಸಿದೆ. ಮೂರು ದಿನ ಮನೆಯಲ್ಲಿ ಎಲ್ಲೆಂದರಲ್ಲಿ ಸತ್ತೆ. ಪಡಸಾಲೆಯಲ್ಲಿ ಸತ್ತೆ. ಬಚ್ಚಲ ಬಾಗಿಲಲ್ಲಿ ಸತ್ತೆ. ಊಟಕ್ಕೆ ಕೂತಾಗ ಕೈ ಎದೆಗೆ ಒತ್ತಿ ಪಕ್ಕಕ್ಕೆ ವಾಲಿದರೆ, ಅವ್ವ ಸಾರಿನ ಸೌಟು ಹಿಡಿದು, "ಉಂಡು ಸಾಯಿ, ಅನ್ನ ಆರ್ತದ" ಎಂದಳು. ಕಲೆಗೆ ಮನೆಯಲ್ಲಿ ಬೆಲೆ ಇರುವುದಿಲ್ಲ.

ಪರೀಕ್ಷೆಯ ದಿನ ಕ್ಲಾಸಿನಲ್ಲಿ ಮಂಚ ಹಾಕಿದರು. ಲುಂಗಿ ಉಡಿಸಿದರು, ತಲೆಗೆ ಪೌಡರು ಸುರಿದು ಮುಪ್ಪು ತಂದರು, ಕೈಗೆ ಸಲೈನಿನ ನಳಿಗೆಯನ್ನು ಬರೀ ಪಟ್ಟಿಯಿಂದ ಅಂಟಿಸಿದರು. ಒಬ್ಬ ಹುಡುಗಿ ಹಣೆಗೆ ಮೂರು ಬೆರಳಿಂದ ವಿಭೂತಿ ಎಳೆದಳು. ನಮ್ಮ ವೈಷ್ಣವ ಮನೆತನದಲ್ಲಿ ಹಣೆಯ ಮೇಲೆ ಅಂಗಾರ-ಅಕ್ಷತೆ ಬಿಟ್ಟು ಬೇರೆ ಬಿದ್ದದ್ದು ಬಹುಶಃ ಅದೇ ಮೊದಲು. ಕನ್ನಡಿಯಲ್ಲಿ ನೋಡಿಕೊಂಡೆ. ಭೇಷ್! ಸಾಯಲು ಯೋಗ್ಯನಾಗಿ ಕಾಣುತ್ತಿದ್ದೆ.

ಪರೀಕ್ಷಕರು ಬೆಂಗಳೂರಿನಿಂದ ಬಂದಿದ್ದರು. ದಪ್ಪ ಕನ್ನಡಕ, ದಪ್ಪ ರಿಜಿಸ್ಟರು, ಸಣ್ಣ ದನಿ. ಆರು ಹುಡುಗಿಯರು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಒಬ್ಬಳು ನರ್ಸ್ ಆದರೆ ಇನ್ನೊಬ್ಬಳು ರೋಗಿಯ ಮನೆಯವಳಾಗಿ ನಿಲ್ಲಬೇಕು.

ಮೊದಲು ಬಂದವಳು ಆದಿತ್ಯನಗರದ ಸುನೀತಾ. ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದ, ಮಗಳ ಮಾತೂ ಹಾಗೇ ಕೂಡಲೇ ಗಟ್ಟಿಯಾಗುವಂಥದ್ದು. "ಏನೂ ಆಗಂಗಿಲ್ಲ ಅಜ್ಜಾ! ನಾಳಿಗೆ ಎದ್ದು ಹೊಲಕ್ಕ ಹೋಗ್ತೀರಿ!"

ಪರೀಕ್ಷಕರು ತಲೆ ಅಲ್ಲಾಡಿಸಿ ಏನೋ ಹೊಡೆದು ಹಾಕಿದರು. ಸುಳ್ಳು ಭರವಸೆ ಕೊಡಬಾರದೆಂಬುದು ಈ ವಿದ್ಯೆಯ ಮೊದಲ ಪಾಠವಂತೆ. ಪಾಪ ಎನಿಸಿ, ಅವಳಿಗೆ ಸಹಾಯ ಮಾಡೋಣವೆಂದು 'ನೋವ್ ಆಗ್ತದ' ಎಂಬ ನನ್ನ ಮೊದಲ ಮಾತನ್ನು ಬಿಟ್ಟೆ. ರಸ್ತೆಯಾಚೆಯ ಚಹಾದಂಗಡಿಯವ ಸೌಟು ಹಿಡಿದೇ ಓಡಿ ಬಂದ.

ಎರಡನೆಯವಳು ಎಷ್ಟು ನಯವಾಗಿ ತಲೆ ಸವರಿದಳೆಂದರೆ ನನಗೆ ತಡೆಯಲಾಗಲಿಲ್ಲ, ಮೂರನೇ ನಿಮಿಷಕ್ಕೇ ಸತ್ತುಹೋದೆ. ವೈನಿ ಚಾದರ ಸರಿಪಡಿಸುವವರಂತೆ ಬಗ್ಗಿ ತೊಡೆ ಚಿವುಟಿದರು.

"ನಿನಗ ಸಾಯಲಿಕ್ಕೆ ಯಾರ್ ಹೇಳಿದ್ರು?"

"ಪಾರ್ಟ್ ಎಳಕೊಂಡು ಹೋತ್ರಿ ವೈನಿ," ಎಂದೆ ತುಟಿ ಅಲ್ಲಾಡಿಸದೆ.

"ರೋಗಿ ಎದ್ದರೇನಮ್ಮಾ? ಮುಂದಿನವರು ಬರಲಿ," ಎಂದರು ಪರೀಕ್ಷಕರು.

ಮೂರನೆಯವಳ ಹೊತ್ತಿಗೆ ನನ್ನಲ್ಲಿ ಸ್ಫೂರ್ತಿ ಉಕ್ಕಿತ್ತು. 'ಮಗ ಬಂದನೇನು?' ಎಂದಷ್ಟೇ ಕೇಳಬೇಕಿತ್ತು. ಯಾವ ಮಗ, ಅವನು ಯಾಕೆ ಬಂದಿಲ್ಲ, ಹೆಂಡತಿ ಮಾತು ಕೇಳಿ ಹೇಗೆ ಕೆಟ್ಟ, ಬಾವಿಯ ಪಾಲಿನ ತಕರಾರು ಏನಾಯಿತು ಎಂಬುದನ್ನೆಲ್ಲ ಸೇರಿಸಿದೆ. ಆ ಹುಡುಗಿ ಪಾಪ ಹತ್ತು ನಿಮಿಷವೂ ಹೂಂಗುಟ್ಟಿ ಹೊರಗೆ ಹೋದಳು. ನಾಲ್ಕನೆಯವಳ ಮುಂದೆ ಮತ್ತೊಮ್ಮೆ ಸತ್ತೆ. ಈ ಸಲ ವೈನಿಗೆ ಅನುಮಾನ ಬರಬಾರದೆಂದು, "ನಾ ಸತ್ತೆ" ಎಂದು ಹೇಳಿಯೇ ಸತ್ತೆ. ಐದನೆಯವಳಿಗೆ ಬಾವಿಯ ತಕರಾರಿನ ಎರಡನೇ ಭಾಗ ಕೇಳಿಸಿದೆ.

ಕೊನೆಗೆ ಮಹಾದೇವಿ ಬಂದಳು. ಮನೆಯವಳಾಗಿ, ಅಂದರೆ ನನ್ನ ಸೊಸೆಯಾಗಿ, ಸುನೀತಾ ತಲೆದಿಂಬಿನ ಬಳಿ ನಿಂತಳು.

ಮಹಾದೇವಿ ಸ್ಟೂಲು ಎಳೆದುಕೊಂಡು ಕೂತಳು. ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಒಂದು ನಿಮಿಷ. ಎರಡು ನಿಮಿಷ. ಪರೀಕ್ಷಕರು ಪೆನ್ನಿನಿಂದ ರಿಜಿಸ್ಟರನ್ನು ಟಕ್ ಟಕ್ ಬಡಿಯತೊಡಗಿದರು. ಬಾಗಿಲ ಬಳಿ ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಹುಡುಗಿಯನ್ನು ಮಾತಾಡಿಸಲೇಬೇಕು! "ನೋವ್ ಆಗ್ತದ," ಎಂದೆ. ಅವಳು ಮೊಣಕಾಲಿನ ಕೆಳಗೊಂದು ದಿಂಬು ಕೊಟ್ಟಳು. ಖರೇ ಹೇಳಬೇಕೆಂದರೆ ಹಿತವಾಯಿತು. ಆದರೆ ಮಾತಿಲ್ಲ. "ಅಂಜಿಕಿ ಬರ್ತದ," ಎಂದೆ. ಅವಳು ನನ್ನ ಕೈಯ ಮೇಲೆ ಕೈ ಇಟ್ಟಳು.

"ಹೂಂ."

ಒಂದೇ ಅಕ್ಷರ! ಇಷ್ಟಕ್ಕೆ ಯಾವ ಪರೀಕ್ಷಕರು ಅಂಕ ಕೊಟ್ಟಾರು? ಉತ್ತರ ಕೊಡದೆ ಗತಿಯೇ ಇಲ್ಲದಂಥ ಏನನ್ನಾದರೂ ಕೇಳಬೇಕು. ಅಜ್ಜನನ್ನು ನೆನೆದೆ, ಅಜ್ಜನ ನಡುಗುವ ದನಿ ತೆಗೆದೆ.

"ತುಳಸಿ ತೀರ್ಥ... ತುಳಸಿ ತೀರ್ಥ ಹಾಕ್ರಿ ಬಾಯಾಗ... ನಾರಾಯಣಾ..."

ವೈನಿ ಹಣೆ ಬಡಿದುಕೊಂಡರು. ಯಾಕೆಂದು ನನಗೆ ಆಮೇಲೆ ಹೊಳೆಯಿತು. ನಾನು ಗುಂಡಗುರ್ತಿಯ ಬಸವಂತಪ್ಪ. ಹಣೆಯ ತುಂಬ ವಿಭೂತಿ. ಬಾಯಲ್ಲಿ ನಾರಾಯಣ!

ಮಹಾದೇವಿ ಮೊದಲ ಸಲ ಬಾಯಿ ತೆರೆದಳು. "ಅಜ್ಜಾ, ನೀವು ಲಿಂಗಪೂಜಿ ಮಾಡಿ ಪಾದೋದಕ ತಗೊಳ್ಳೋರಲ್ರಿ? ನಿಮ್ಮ ಮನಸ್ಸಿನ್ಯಾಗ ಏನದ ಹೇಳ್ರಿ. ಅಯ್ಯನೋರನ್ನ ಕರಸಬೇಕೇನು?"

ಪರೀಕ್ಷಕರ ಪೆನ್ನು ನಿಂತಿತು. ಅವರು ಮುಂದೆ ಬಾಗಿದರು. ರೋಗಿಯ ನಂಬಿಕೆ ಏನೆಂದು ಕೇಳಿ ತಿಳಿಯುವುದಕ್ಕೇ ಬೇರೆ ಅಂಕಗಳಿದ್ದವಂತೆ, ಬೆಳಗಿನಿಂದ ಒಬ್ಬಳೂ ಕೇಳಿರಲಿಲ್ಲ. ಇಲ್ಲಿಗೆ ನಾನು ಬಾಯಿ ಮುಚ್ಚಿದ್ದರೆ ಎಲ್ಲವೂ ಸುಖಾಂತವಾಗುತ್ತಿತ್ತು. ಆದರೆ ಹಣೆಗೂ ಬಾಯಿಗೂ ತಾಳೆ ಇಲ್ಲದ್ದನ್ನು ಹಾಗೇ ಬಿಟ್ಟರೆ ಕಲೆಗೆ ಮೋಸ! ವಿವರಣೆ ಕೊಡಲು ಹೊರಟೆ.

"ಏನಾತಂದ್ರವಾ... ನನ್ನ ಹೆಂಡ್ತಿ ತವರುಮನಿಯವರು ಆಚಾರ್ರು... ಆಗಿನ ಕಾಲದಾಗ ಗುಂಡಗುರ್ತಿಯೊಳಗ ಭಾಳ ಗದ್ದಲ ಆತು..."

"ಆಯ್ತ್ರಿ ಅಜ್ಜಾ. ಮದಲ ನುಂಗಲಿಕ್ಕೆ ಬರ್ತದೇನು ನೋಡ್ತೀನಿ, ತಡೀರಿ. ತಲಿ ಎತ್ತಿ—" ಎಂದು ಮಹಾದೇವಿ ಹೇಳುವಷ್ಟರಲ್ಲಿ, ಬೆಳಿಗ್ಗೆ ಕಳೆದ ಅಂಕಗಳನ್ನು ಸೊಸೆಯಾಗಿಯಾದರೂ ಗಳಿಸಬೇಕೆಂದಿದ್ದ ಸುನೀತಾ ಅಂಗಳಕ್ಕೆ ಓಡಿ, ತುಳಸಿ ಕಟ್ಟೆಯಿಂದ ಒಂದು ಕುಡಿಯನ್ನೇ ಮುರಿದು, ತಂಬಿಗೆಯಲ್ಲಿ ಹಾಕಿ ತಂದಾಗಿತ್ತು. "ತಗೋರಿ ಮಾವಾ!" ಎಂದವಳೇ, ಅಂಗಾತ ಮಲಗಿ ಮದುವೆಯ ಗದ್ದಲ ವರ್ಣಿಸುತ್ತಿದ್ದ ನನ್ನ ತೆರೆದ ಬಾಯಿಗೆ ಸುರಿದಳು.

ನೀರು ಒಂದು ದಾರಿ ಹಿಡಿಯಿತು. ಕಡ್ಡಿ ಸಮೇತ ತುಳಸಿ ಕುಡಿ ಇನ್ನೊಂದು ದಾರಿ ಹಿಡಿದು ನಡುವೆ ನಿಂತುಬಿಟ್ಟಿತು.

ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಕೈ ಬಡಿದೆ. ಕಾಲು ಬಡಿದೆ. ಕಣ್ಣು ಹೊರಗೆ ಬರುವಂತೆ ವೈನಿಯತ್ತ ನೋಡಿದೆ.

"ಮತ್ತ ಚಾಲೂ ಮಾಡಿದ," ಎಂದು ವೈನಿ ಮುಖ ತಿರುಗಿಸಿದರು.

ಚೀಟಿಯ ಪ್ರಕಾರ ಎಲ್ಲವೂ ನಡೆಯತೊಡಗಿತು. ಸುನೀತಾ ನನ್ನ ಒಂದು ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಶಾಂತ ಆಗ್ರಿ ಮಾವಾ, ನಾವೆಲ್ಲಾ ನಿಮ್ಮ ಜೋಡಿನೇ ಇದ್ದೀವಿ" ಎಂದಳು. ಯಾರೋ ಕಿಟಕಿಯ ಪರದೆ ಎಳೆದು ಬೆಳಕು ತಗ್ಗಿಸಿದರು. ಬಾಗಿಲಲ್ಲಿದ್ದ ಹುಡುಗಿಯರು ತಲೆ ಬಗ್ಗಿಸಿ ನಿಂತರು. "ತುಂಬಾ ಚೆನ್ನಾಗಿದೆ," ಎಂದು ಪರೀಕ್ಷಕರು ಪಿಸುಗುಟ್ಟಿದ್ದು ಕೇಳಿಸಿತು. ಅತ್ಯಂತ ಗೌರವದಿಂದ, ಪಠ್ಯಕ್ರಮದಲ್ಲಿ ಹೇಳಿದಂತೆ, ಒಬ್ಬರೂ ಅವಸರ ಮಾಡದೆ, ನನ್ನನ್ನು ಕೊಲ್ಲುತ್ತಿದ್ದರು!

"ಖರೇ ಅದರೀ ಇದು!"

ಕೂಗಿದವಳು ಮಹಾದೇವಿ. ಕೂಗಿದ್ದಷ್ಟೇ ಅಲ್ಲ, ನನ್ನನ್ನು ಹತ್ತಿಯ ಮೂಟೆಯಂತೆ ಎಬ್ಬಿಸಿ, ತನ್ನ ಒಂದು ತೋಳಿನ ಮೇಲೆ ಮುಂದಕ್ಕೆ ಬಾಗಿಸಿ, ಇನ್ನೊಂದು ಕೈಯಿಂದ ಬೆನ್ನಿಗೆ, ಎರಡು ಹೆಗಲ ಮೂಳೆಗಳ ನಡುವೆ ಗುದ್ದಿದಳು. ಜೋಳದ ರೊಟ್ಟಿ ಬಡಿದು ಬೆಳೆದ ಕೈ ಅದು. ಒಂದು! ಎರಡು! ಮೂರು! ನಾಲ್ಕನೆಯದಕ್ಕೆ ತುಳಸಿ ಕುಡಿ ಹಾರಿ ಚಾದರದ ಮೇಲೆ ಬಿತ್ತು. ಶುಚಿತ್ವಕ್ಕೂ ಅಂಕವಿದೆ ಎಂದು ನೆನಪಾದ ಸುನೀತಾ ಅದನ್ನು ಹತ್ತಿಯಲ್ಲಿ ಒರೆಸಿ ಬಕೆಟ್ಟಿಗೆ ಹಾಕಿದಳು. ಇದ್ದ ಒಂದು ಸಾಕ್ಷಿಯೂ ಹೋಯಿತು.

ಪರೀಕ್ಷಕರು ಎದ್ದು ನಿಂತಿದ್ದರು. "ಏನಮ್ಮಾ ಇದು? ಎಬ್ಬಿಸುವ ಪ್ರಯತ್ನ ಬೇಡ ಅಂತ ಗೆರೆ ಎಳೆದು ಬರೆದಿದೆ. ಕೊನೆಯುಸಿರು ಎಳೀತಿರೋ ರೋಗಿಗೆ ಬೆನ್ನಿಗೆ ಗುದ್ದೋದಾ? ಅದೂ ನಾಲ್ಕು?"

"ಸರ್, ಆಕಿದು ತಪ್ಪಿಲ್ರಿ," ಎಂದೆ. ದನಿ ಒಡೆದ ಕೊಳವೆಯಂತೆ ಬಂತು. "ಖರೇನೇ ಸಿಕ್ಕೊಂಡಿತ್ರಿ. ಖರೇ ಸಾಯಲಿಕತ್ತಿದ್ದೆ."

"ನೀವು ಬೆಳಗ್ಗೆಯಿಂದ ಎರಡು ಸಲ ಸತ್ತಿದ್ದೀರಿ. ಮೂರನೇದು ಮಾತ್ರ ನಿಜ ಅಂತ ಹೇಗೆ ನಂಬೋದು?"

ವೈನಿಯತ್ತ ನೋಡಿದೆ. ಅವರು ನನ್ನನ್ನೇ ದಿಟ್ಟಿಸುತ್ತಿದ್ದರು. ನಂಬಬೇಕೋ ಬೇಡವೋ ಎಂಬುದು ಅವರಿಗೂ ತಿಳಿಯುತ್ತಿರಲಿಲ್ಲ. ಹಿಂದೊಮ್ಮೆ ಅವರ ದನಿಯಲ್ಲೇ ಅವರ ಗೆಳತಿಗೆ ಫೋನ್ ಮಾಡಿ ಯಾಮಾರಿಸಿದವನಲ್ಲವೇ ನಾನು!

"ನಂಬಿಕಿ ಇಲ್ಲಂದ್ರ ಏನಾಗಿತ್ತು ಅಂತ ಮಾಡಿ ತೋರಸ್ತೀನ್ರಿ ಸರ್, ನೋಡ್ರಿ," ಎಂದೆ.

ತೋರಿಸಿದೆ. ಮಹಾದೇವಿಯ ಭವಿಷ್ಯ ನನ್ನ ಕೈಯಲ್ಲಿದೆ ಎಂದು ಇದ್ದಬದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಕಣ್ಣು ಮೇಲಕ್ಕೆ, ಕೊರಳ ನರ ಹೊರಕ್ಕೆ, ಗಂಟಲಲ್ಲಿ ಗೊರಗೊರ ಸದ್ದು, ಕಾಲು ಒದ್ದಾಟ. "ಹಂಗೇ! ಥೇಟ್ ಹಂಗೇ ಮಾಡಿದ್ರು!" ಎಂದರು ಹುಡುಗಿಯರು.

ಪರೀಕ್ಷಕರು ಕೂತರು. "ನೋಡಿ ಸಿಸ್ಟರ್. ಬೇಕೆಂದಾಗ ಇಷ್ಟು ಚೆನ್ನಾಗಿ ಮಾಡ್ತಾರೆ ಅಂದಮೇಲೆ ಆಗ ಮಾಡಿದ್ದೂ ಇದೇ."

ಜೀವನದಲ್ಲಿ ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಮನ್ನಣೆ ಅದು. ಅದರಿಂದ ಒಬ್ಬ ಹುಡುಗಿ ಫೇಲಾಗುತ್ತಿದ್ದಳು.

ಮಹಾದೇವಿ ಒದ್ದೆ ಚಾದರ ಮಡಚತೊಡಗಿದಳು. ಮೂಲೆಗೆ ಮೂಲೆ ಸೇರಿಸಿ, ನೀಟಾಗಿ. ವೈನಿ ಪರದೆ ಸರಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಪರೀಕ್ಷಕರು ರಿಜಿಸ್ಟರಿನಲ್ಲಿ ಪೆನ್ನು ಊರಿ, ಮರ್ಯಾದೆಗೆಂಬಂತೆ ಒಂದು ಮಾತು ಕೇಳಿದರು. "ಅದು ನಿಜ ಅಂತ ನಿನಗೆ ಹೇಗೆ ಅನ್ನಿಸ್ತಮ್ಮಾ?"

ಮಹಾದೇವಿ ಚಾದರ ಎದೆಗವಚಿಕೊಂಡು ನಿಂತಳು. ಹಿಂದಿನ ವರ್ಷದ ಹತ್ತು ನಿಮಿಷ ಮತ್ತೆ ಶುರುವಾಯಿತು ಎಂದುಕೊಂಡೆ.

"ಸುಮ್ಮನಾದ್ರು ಸರ್," ಎಂದಳು.

"ಏನು?"

"ಇವರು. ಮುಂಜಾನಿಂದ ಒಂದು ಗಳಿಗಿ ಬಾಯಿ ಮುಚ್ಚಿಲ್ರಿ. ಸಾಯಾಗನೂ ಮಾತಾಡ್ಯಾರ. ಆಗೊಮ್ಮೆ ಅಷ್ಟೇ ಆವಾಜ ಪೂರಾ ಬಂದ್ ಆತ್ರಿ. ಈಗ ಮಾಡಿ ತೋರ್ಸಿದ್ರಲ್ಲ, ಇದರಾಗ ಗೊರಗೊರ ಅಂತದ. ಆಗ ಏನೂ ಇರಲಿಲ್ರಿ. ಗಂಟಲದಾಗ ಖರೇ ಸಿಕ್ಕೊಂಡ್ರ ಆವಾಜ ಬರಂಗಿಲ್ರಿ ಸರ್."

ಪರೀಕ್ಷಕರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

"ಮತ್ತ," ಎಂದಳು ಮಹಾದೇವಿ, ಒಮ್ಮೆ ಮಾತು ಬಂದದ್ದು ನಿಲ್ಲಲಿಲ್ಲ, "ಆ ಚೀಟಿ ಬಸವಂತಪ್ಪ ಅಜ್ಜಂದ್ರಿ. ಎಬ್ಬಿಸಬ್ಯಾಡ್ರಿ ಅಂತ ಒಪ್ಪಿಗಿ ಕೊಟ್ಟೋರು ಅವರು. ಸಾಯಲಿಕತ್ತಿದ್ದು ಇವರು. ಇವರು ಒಪ್ಪಿಗಿ ಕೊಟ್ಟಿಲ್ರಿ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಾವೆಲ್ಲ ಚೀಟಿ ನೋಡ್ತಾ ಇದ್ವಿ ಸಿಸ್ಟರ್," ಎಂದು ವೈನಿಗೆ ಹೇಳಿದರು. "ರೋಗಿಯನ್ನ ನೋಡಿದ್ದು ಈ ಹುಡುಗಿ ಒಬ್ಬಳೇ."

ಮಹಾದೇವಿ ಪಾಸಾದಳು. ಷರಾ ಬರೆಯುವ ಜಾಗದಲ್ಲಿ ಪರೀಕ್ಷಕರು ನನ್ನ ಬಗ್ಗೆಯೂ ಒಂದು ಸಾಲು ಬರೆದರೆಂದು ವೈನಿ ಹೇಳಿದರು. 'ಮುಂದಿನ ಬಾರಿ ಬೇರೆ ರೋಗಿಯನ್ನು ಏರ್ಪಡಿಸುವುದು.'

ನನ್ನ ಗಂಟಲು ಬಾತುಕೊಂಡಿತು. ದವಾಖಾನೆಯಲ್ಲಿ ಡಾಕ್ಟರು ಟಾರ್ಚ್ ಹಾಕಿ ನೋಡಿ, ಒಂದು ಮಾತೂ ಆಡಕೂಡದು, ಮಾತು ಬರಲು ಒಂದು ವಾರವೋ ಹದಿನೈದು ದಿನವೋ ಹಿಡಿದೀತು ಎಂದರು. ಸನ್ನೆ ಮಾಡಿ ಗಂಜಿ ಕೇಳುತ್ತಾ, ಸನ್ನೆ ಮಾಡಿ ನೀರು ಕೇಳುತ್ತಾ ಬಿದ್ದುಕೊಂಡೆ. ಮನೆಯವರು ಬಹಳ ಪ್ರೀತಿಯಿಂದ ನೋಡಿಕೊಂಡರು. ಅಷ್ಟು ಪ್ರೀತಿಯ ಕಾರಣ ಆಗ ನನಗೆ ತಿಳಿದಿರಲಿಲ್ಲ.

ನಾಲ್ಕನೇ ದಿನ ವೈನಿ ಹೇಳಿ ಕಳಿಸಿದರೆಂದು ಮಹಾದೇವಿ ನನ್ನನ್ನು ನೋಡಲು ಮನೆಗೆ ಬಂದಳು. ಬಾಯಿ ತೆರೆಸಿ ನೋಡಿದಳು. ಕೊರಳು ಮುಟ್ಟಿ ನೋಡಿದಳು. ಆಮೇಲೆ ಅವಳ ಮುಖ ಗಂಭೀರವಾಯಿತು. ಕೆಟ್ಟ ಸುದ್ದಿ ಹೇಳುವುದಕ್ಕೆ ಇವರ ವಿದ್ಯೆಯಲ್ಲಿ ಒಂದು ಕ್ರಮವಿದೆಯಂತೆ. ಮೊದಲು ಎಲ್ಲರನ್ನೂ ಕೂಡಿಸಬೇಕು, ಅವರಿಗೆ ಏನು ಗೊತ್ತಿದೆ ಎಂದು ಕೇಳಬೇಕು, ಮುನ್ಸೂಚನೆ ಕೊಡಬೇಕು, ಆಮೇಲೆ ಸುಳ್ಳಿಲ್ಲದೆ ಹೇಳಿ ಸುಮ್ಮನೆ ಪಕ್ಕದಲ್ಲಿರಬೇಕು.

"ಕುಂದ್ರಿ ಅಮ್ಮಾರ. ಅಣ್ಣಾರ, ನೀವೂ ಕುಂದ್ರಿ," ಎಂದಳು. "ಇವರ ಗಂಟಲದ ಬಗ್ಗೆ ನಿಮಗ ಏನ್ ಗೊತ್ತದರಿ?"

"ಹದಿನೈದು ದಿನ ಮಾತು ಬರಲಿಕ್ಕಿಲ್ಲ ಅಂದಾರವಾ ಡಾಕ್ಟರು," ಎಂದಳು ಅವ್ವ. ದನಿಯಲ್ಲಿ ಎಂಥದೋ ಒಂದು ಆಸೆ ಇತ್ತು.

"ನಾ ಹೇಳೋದು ಕೇಳಿದ್ರ ನಿಮಗ ತ್ರಾಸ ಆಗಬಹುದ್ರಿ."

ಅಣ್ಣ ಕುರ್ಚಿಯ ಕೈ ಬಿಗಿಯಾಗಿ ಹಿಡಿದ.

"ಬಾವು ಪೂರಾ ಇಳದದರಿ. ನಾಳಿ ಮುಂಜಾನಿಗೇ... ಆವಾಜ ಬಂದುಬಿಡ್ತದ್ರಿ."

ಅಣ್ಣ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ವೈನಿ ಮೆಲ್ಲಗೆ ಒಳಗೆ ಹೋದರು. ಮಹಾದೇವಿ ಅವಸರ ಮಾಡಲಿಲ್ಲ. ಸ್ಟೂಲನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡು, ಅವಳ ಕೈ ಹಿಡಿದು ಕೂತಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು.

"ಗುಲ್ಬರ್ಗಾಕ್ಕ ಕರಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ಒಮ್ಮೆ ತೋರಿಸಿದ್ರ ಹ್ಯಾಂಗವಾ? ಏನರೆ ಉಪಾಯ ಇದ್ದೀತು."